ಹಾಡು ಎಲ್ಲರದು, ಕಟ್ಟಿದವನ ಹೆಸರು ಯಾರಿಗೂ ಬೇಡ

ಸಿದ್ದಾಪುರದಿಂದ ಜೋಗಕ್ಕೆ ಹೋಗುವ ಬಸ್ಸಿನಲ್ಲಿ ಒಂದು ಮಳೆಗಾಲ ನಾವು ಪ್ರೌಢಶಾಲೆಯೊಂದರ ಮಕ್ಕಳ ನಡುವೆ ಸಿಕ್ಕಿಬಿದ್ದೆವು. ಇಪ್ಪತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ಕಿಟಕಿಯ ಗಾಜಿಗೆಲ್ಲ ಮಳೆಹನಿ, ಒಳಗೆ ಮಕ್ಕಳ ಹಾಡು. ಜೋಗ ಹತ್ತಿರ ಬರುತ್ತಿದ್ದಂತೆ ಅವರಿಗೆ ಜೋಗದ ಹಾಡುಗಳೇ ನೆನಪಾಗಿರಬೇಕು. ಮೊದಲು, ಮನುಷ್ಯನಾಗಿ ಹುಟ್ಟಿದ ಮೇಲೆ ಒಮ್ಮೆಯಾದರೂ ಜೋಗ ನೋಡು ಎನ್ನುವ ಆ ಪ್ರಸಿದ್ಧ ಹಾಡು. ಬಳಿಕ ‘ನಿತ್ಯೋತ್ಸವ’. ಆಮೇಲೆ ‘ಮುಂಗಾರು ಮಳೆ’ ಚಿತ್ರದ ಗೀತೆ. ಮೂರನ್ನೂ ಚೆನ್ನಾಗಿಯೇ ಹಾಡಿದರು. ನಮಗೆ ಸುಮ್ಮನಿರಲಾಗಲಿಲ್ಲ. ಈ ಹಾಡುಗಳನ್ನು ಬರೆದವರು ಯಾರು ಎಂದು ಕೇಳಿದೆವು.

ಮೊದಲನೆಯದು ಡಾ. ರಾಜ್‌ಕುಮಾರ್, ಮೂರನೆಯದು ಸೋನು ನಿಗಮ್ ಎಂದರು. ಎರಡನೆಯದಕ್ಕೆ ಸ್ವಲ್ಪ ಗೊಂದಲವಾಯಿತು. ಒಬ್ಬ ಹುಡುಗ ಕುವೆಂಪು ಎಂದ, ಮತ್ತೊಬ್ಬಳು ಸಿ. ಅಶ್ವತ್ಥ್ ಎಂದಳು. ಜೊತೆಗಿದ್ದ ಮೇಷ್ಟ್ರು ನಿಸಾರ್ ಅಹಮದರ ಹೆಸರು ಹೇಳಿ ಮಾನ ಉಳಿಸಿದರು. ಉಳಿದೆರಡು ಅವರಿಗೂ ಗೊತ್ತಿರಲಿಲ್ಲ. “ಮೊದಲನೇದು ಜಾನಪದ ಅಲ್ವ ಸರ್?” ಎಂದು ನಮ್ಮನ್ನೇ ಕೇಳಿದರು.

ಅದು ಜಾನಪದವಲ್ಲ. ಬರೆದವರು ಮೂಗೂರು ಮಲ್ಲಪ್ಪ. 1992ರ ‘ಜೀವನ ಚೈತ್ರ’ ಚಿತ್ರದಲ್ಲಿ ರಾಜ್‌ಕುಮಾರ್ ಅದನ್ನು ಹಾಡಿದ ಮೇಲೆ ಕರ್ನಾಟಕದಲ್ಲಿ ಅದನ್ನು ಕೇಳದ ಕಿವಿ ಇಲ್ಲ. ಮಲ್ಲಪ್ಪನವರ ಹೆಸರು ಕೇಳಿದ ಕಿವಿಗಳೆಷ್ಟು? ಅದೇ ಚಿತ್ರದ ಇನ್ನೊಂದು ಹಾಡಿಗೆ ರಾಜ್‌ಕುಮಾರರಿಗೆ ಗಾಯನದ ರಾಷ್ಟ್ರಪ್ರಶಸ್ತಿ ಬಂತು. ಅದನ್ನು ಬರೆದ ಚಿ. ಉದಯಶಂಕರ್ ಅವರ ಹೆಸರು ಆ ಪ್ರಶಸ್ತಿಯ ಮಾತು ಬಂದಾಗ ಎಷ್ಟು ಬಾರಿ ಬರುತ್ತದೆ? ‘ಮುಂಗಾರು ಮಳೆ’ಯ ಆ ಗೀತೆ ಬರೆದ ಜಯಂತ ಕಾಯ್ಕಿಣಿಯವರಂತೂ ಇದೇ ಉತ್ತರ ಕನ್ನಡ ಜಿಲ್ಲೆಯ ಗೋಕರ್ಣದವರು. 2006ರ ಕೊನೆಯಲ್ಲಿ ಆ ಚಿತ್ರ ಬಂದ ಮೇಲೆ ಜೋಗಕ್ಕೆ ಜನ ಜಾತ್ರೆಗೆ ಬರುವಂತೆ ಬರತೊಡಗಿದರು. ಹೋಟೆಲಿನವರಿಗೆ, ಜೀಪಿನವರಿಗೆ, ಕಡಲೆಕಾಯಿ ಮಾರುವವರಿಗೆ ನಾಲ್ಕು ಕಾಸು ಆಯಿತು. ಆ ಜನರನ್ನು ಕರೆತಂದವರಲ್ಲಿ ಗೋಕರ್ಣದ ಕವಿಯೊಬ್ಬರೂ ಇದ್ದಾರೆ ಎಂಬುದು ಸ್ವಂತ ಜಿಲ್ಲೆಯ ಮಕ್ಕಳಿಗೇ ತಿಳಿದಿಲ್ಲ.

ಮಕ್ಕಳನ್ನು ದೂರುವುದು ನಮ್ಮ ಉದ್ದೇಶವಲ್ಲ. ಅವರು ನಾವು ಕಲಿಸಿದ್ದನ್ನೇ ಒಪ್ಪಿಸಿದರು. ಶಾಲೆಯ ವಾರ್ಷಿಕೋತ್ಸವದಲ್ಲಿ, ರಾಜ್ಯೋತ್ಸವದ ವೇದಿಕೆಯಲ್ಲಿ, ಸುಗಮ ಸಂಗೀತದ ಕಾರ್ಯಕ್ರಮದಲ್ಲಿ ನಿರೂಪಕರು ಏನು ಹೇಳುತ್ತಾರೆ ಕಿವಿಗೊಟ್ಟು ಕೇಳಿ. “ಈಗ ಒಂದು ಸುಂದರ ಭಾವಗೀತೆ, ಹಾಡುತ್ತಿರುವವರು ಇಂಥವರು, ತಬಲಾದಲ್ಲಿ ಇಂಥವರು, ಕೀಬೋರ್ಡ್‌ನಲ್ಲಿ ಇಂಥವರು.” ಧ್ವನಿವರ್ಧಕದವರಿಗೂ ಕೃತಜ್ಞತೆ ಸಲ್ಲುತ್ತದೆ, ಅದು ಸಲ್ಲಬೇಕಾದದ್ದೇ. ಹಾಡು ಮಾತ್ರ ಆಕಾಶದಿಂದ ಬಿದ್ದಿರುತ್ತದೆ.

ಈ ರೋಗದ ಬೇರು ಇರುವುದು ಒಂದು ಮೂಢನಂಬಿಕೆಯಲ್ಲಿ. ಹಾಡು ತಾನಾಗಿ ಹುಟ್ಟುತ್ತದೆ ಎಂಬ ನಂಬಿಕೆ ಅದು. ಕವಿ ಎಲ್ಲೋ ಕೆರೆಯ ದಂಡೆಯಲ್ಲಿ ಕೂತಿರುತ್ತಾನೆ, ಗಾಳಿ ಬೀಸುತ್ತದೆ, ಹಾಡು ಬರುತ್ತದೆ. ಅಂದಮೇಲೆ ಅದಕ್ಕೆ ಕೂಲಿ ಏಕೆ, ಹೆಸರು ಏಕೆ? ಮಳೆಗೆ ಯಾರಾದರೂ ಬಿಲ್ಲು ಪಾವತಿಸುತ್ತಾರೆಯೇ? ಕವಿಗಳನ್ನು ಹೊಗಳುವ ನೆಪದಲ್ಲಿ ಅವರ ದುಡಿಮೆಯನ್ನು ಲೆಕ್ಕದಿಂದ ತೆಗೆದುಹಾಕುವ ಜಾಣತನ ಇದು. ‘ದೈವದತ್ತ ಪ್ರತಿಭೆ’ ಎಂಬ ಮಾತನ್ನು ಕೇಳಿದಾಗಲೆಲ್ಲ ನಮಗೆ ಅನುಮಾನ ಬರುತ್ತದೆ. ಹೇಳುವವರು ಏನನ್ನೋ ಕೊಡದೆ ತಪ್ಪಿಸಿಕೊಳ್ಳಲು ನೋಡುತ್ತಿದ್ದಾರೆ ಅನ್ನಿಸುತ್ತದೆ.

ನಮಗೆ ಪರಿಚಯವಿರುವ ಒಬ್ಬ ಹಾಡುಗಾರರ, ಅಲ್ಲ, ಹಾಡು ಕಟ್ಟುವವರ ದಿನಚರಿಯನ್ನು ಇಲ್ಲಿ ಹೇಳಬೇಕು. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡದ್ದರಿಂದ ಹಾಕುತ್ತಿಲ್ಲ. ಹೆಸರಿಗಾಗಿ ವಾದಿಸುವ ಲೇಖನದಲ್ಲಿ ಇದೊಂದು ವಿಪರ್ಯಾಸ, ಇರಲಿ. ಸಿದ್ದಾಪುರ ತಾಲೂಕಿನಲ್ಲಿ ಅವರದೊಂದು ಹೊಲಿಗೆ ಅಂಗಡಿ. ಊರವರೆಲ್ಲ ‘ಸಾಹೇಬರು’ ಎನ್ನುತ್ತಾರೆ. ಮನೆಮಾತು ಉರ್ದು. ಹಾಡುಗಳೆಲ್ಲ ಕನ್ನಡದಲ್ಲಿ. ಮದುವೆಯ ಹಾಡು, ಅಂಗನವಾಡಿ ಮಕ್ಕಳ ಹಾಡು, ಸಾಕ್ಷರತೆಯ ಹಾಡು, ಒಮ್ಮೆ ಪಂಚಾಯತ್ ಚುನಾವಣೆಯಲ್ಲಿ ಎದುರುಬದುರಾಗಿದ್ದ ಇಬ್ಬರಿಗೂ ಒಂದೊಂದು ಹಾಡು.

ಬೆಳಗ್ಗೆ ಫಜ್ರ್ ನಮಾಝ್ ಮುಗಿಸಿ ಬಂದವರು ಅಂಗಡಿ ತೆರೆಯುವ ಮುನ್ನ ಅರ್ಧ ಗಂಟೆ ಬರೆಯುತ್ತಾರೆ. ದಿನಕ್ಕೆ ಒಂದು ನುಡಿ ಎಂಬುದು ಅವರೇ ಹಾಕಿಕೊಂಡ ನಿಯಮ. ಚೆನ್ನಾಗಿ ಬಂದರೂ ಒಂದು, ಕೆಟ್ಟದಾಗಿ ಬಂದರೂ ಒಂದು. ಜ್ವರ ಬಂದ ದಿನವೂ ಬರೆದದ್ದಿದೆ. “ಮನಸ್ಸು ಬಂದಾಗ ಬರೀತೇನೆ ಅಂದ್ರೆ ಮನಸ್ಸು ಬರೋದೇ ಇಲ್ಲ. ಹಬ್ಬದ ಬಟ್ಟೆ ಕೊಟ್ಟೋರು ನನ್ನ ಮನಸ್ಸು ಬರೋ ತನಕ ಕಾಯ್ತಾರಾ?” ಎಂದು ಕೇಳುತ್ತಾರೆ. ಬರೆಯುವುದು ಅಳತೆ ಪುಸ್ತಕದ ಹಿಂಬದಿಯಲ್ಲಿ. ಮುಂಬದಿಯಲ್ಲಿ ಯಾರದೋ ಎದೆ, ಸೊಂಟ, ತೋಳು. ಹಿಂಬದಿಯಲ್ಲಿ ಪಲ್ಲವಿ. ಕನ್ನಡದಲ್ಲೇ ಏಕೆ ಬರೆಯುತ್ತೀರಿ ಎಂದು ಕೇಳಿದ್ದಕ್ಕೆ, “ಹೊಲಿಸ್ಕೊಳ್ಳೋರು ಕನ್ನಡದೋರು, ಅಳತೆ ಕನ್ನಡದಲ್ಲೇ ಬರ್ಕೊಳ್ತೇನೆ, ಹಾಡೂ ಅಲ್ಲೇ ಬರ್ತದೆ” ಎಂದರು. ಭಾಷೆ ಮತ್ತು ಸಮುದಾಯದ ಬಗ್ಗೆ ನಡೆಯುವ ವಿಚಾರ ಸಂಕಿರಣಗಳಲ್ಲಿ ಇಷ್ಟು ಸರಳವಾದ ಉತ್ತರ ನಮಗೆ ಸಿಕ್ಕಿಲ್ಲ.

ಇನ್ನು ಹಗಲೆಲ್ಲ ಪರೀಕ್ಷೆ. ಹೊಲಿಗೆ ಯಂತ್ರ ತುಳಿಯುತ್ತ ಬೆಳಗಿನ ಸಾಲನ್ನು ಹೇಳಿಕೊಳ್ಳುತ್ತಾರೆ. ಕಾಲಿನ ಲಯಕ್ಕೆ ಎಲ್ಲಿ ಎಡವುತ್ತದೋ ಅಲ್ಲಿ ಒಂದು ಅಕ್ಷರ ಹೆಚ್ಚಾಗಿದೆ ಅಥವಾ ಕಡಿಮೆಯಾಗಿದೆ ಎಂದು ಲೆಕ್ಕ. ಸಂಜೆಗೆ ಇನ್ನೊಂದು ಪರೀಕ್ಷೆ. ಕಾಜ ಹಾಕುವ, ಗುಂಡಿ ಹಚ್ಚುವ ಹುಡುಗನೊಬ್ಬ ಅಂಗಡಿಯಲ್ಲಿದ್ದಾನೆ. ಅವನಿಗೆ ಹಾಡನ್ನು ಕಲಿಸುವುದಿಲ್ಲ, ಕೇಳುವಂತೆ ಹೇಳುವುದೂ ಇಲ್ಲ. ಮೂರು ನಾಲ್ಕು ದಿನದಲ್ಲಿ ಹುಡುಗ ತನಗೆ ತಿಳಿಯದೆಯೇ ಗುನುಗತೊಡಗಿದರೆ ಹಾಡು ಉಳಿಯುತ್ತದೆ. ಇಲ್ಲವಾದರೆ ಆ ಹಾಳೆ ಹರಿದು ಇಸ್ತ್ರಿಪೆಟ್ಟಿಗೆಯ ಕೆಂಡಕ್ಕೆ. ಹಾಗೆ ಸುಟ್ಟವು ಎಷ್ಟು ಎಂದು ಕೇಳಿದರೆ ನಗುತ್ತಾರೆ. ಇಂಥ ನಿರ್ದಯ ವಿಮರ್ಶಕ ನಮ್ಮ ಎಷ್ಟು ಕವಿಗಳಿಗೆ ಇದ್ದಾನೆ?

ಸಾಹೇಬರ ಇನ್ನೊಂದು ಮಾತು ನಮ್ಮ ತಲೆಯಲ್ಲಿ ಉಳಿದಿದೆ. ಹಾಡನ್ನು ಪೂರ್ತಿ ತುಂಬಬಾರದಂತೆ. “ಮಕ್ಕಳ ಅಂಗಿಗೆ ಒಳಗೆ ಸ್ವಲ್ಪ ಬಟ್ಟೆ ಬಿಟ್ಟಿರ್ತೇವೆ, ಮುಂದಿನ ವರ್ಷ ಬಿಚ್ಚಿ ದೊಡ್ಡದು ಮಾಡ್ಲಿಕ್ಕೆ. ಹಾಡೋರಿಗೂ ಹಾಗೆ ಸ್ವಲ್ಪ ಬಿಡ್ಬೇಕು.” ಕಾವ್ಯಮೀಮಾಂಸೆ ಓದಿದವರಲ್ಲ, ಹೇಳಿದ್ದು ಮಾತ್ರ ಅದೇ.

ಈ ‘ಬಿಡುವ’ ವಿದ್ಯೆಯನ್ನು ಶಿರಸಿ ಸಿದ್ದಾಪುರದ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಇದು ಯಕ್ಷಗಾನದ ನೆಲ. ಪ್ರಸಂಗದ ಪದ್ಯ ಬರೆಯುವವನು ಕಥೆಯನ್ನೆಲ್ಲ ಪದ್ಯದಲ್ಲೇ ಹೇಳಿ ಮುಗಿಸಿದರೆ ಅರ್ಥಧಾರಿಗೆ ಏನು ಕೆಲಸ? ಅರ್ಧ ಹೇಳಿ ಅರ್ಧ ಬಿಡಬೇಕು. ಬಿಟ್ಟ ಜಾಗದಲ್ಲಿ ವೇಷಧಾರಿ ಮಾತಾಡುತ್ತಾನೆ, ಕುಣಿಯುತ್ತಾನೆ. ಜೊತೆಗೆ ತಾಳದ ಕಟ್ಟುಪಾಡು. ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ, ಮಟ್ಟೆ. ಭಾಮಿನಿ ಷಟ್ಪದಿ ಎಲ್ಲಿ, ವಾರ್ಧಕ ಎಲ್ಲಿ, ಕಂದ ಎಲ್ಲಿ ಎಂಬ ಔಚಿತ್ಯ. ಯುದ್ಧದ ಪದ್ಯಕ್ಕೆ ಚೆಂಡೆ ಏರುವಂಥ ಅಕ್ಷರಗಳು ಬೇಕು, ಕರುಣೆಯ ಪದ್ಯದಲ್ಲಿ ಭಾಗವತನಿಗೆ ಸ್ವರ ಎಳೆಯಲು ದೀರ್ಘಗಳು ಬೇಕು. ಶಿರಸಿ ತಾಲೂಕಿನ ಹೊಸ್ತೋಟ ಮಂಜುನಾಥ ಭಾಗವತರು ಈ ಕೆಲಸವನ್ನು ಜೀವಮಾನವಿಡೀ ಮಾಡಿದರು. ಸ್ವತಃ ಭಾಗವತರಾದ್ದರಿಂದ ಹಾಡುವವನ ಉಸಿರು ಎಲ್ಲಿ ಮುಗಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಬರೆದ ಪ್ರಸಂಗಗಳು ನೂರಕ್ಕೂ ಹೆಚ್ಚು. ಊರಿಂದ ಊರಿಗೆ ಹೋಗಿ ಯಕ್ಷಗಾನ ಕಲಿಸಿದರು. ಶಿವಮೊಗ್ಗದಲ್ಲಿ ಕಣ್ಣು ಕಾಣದ ಮಕ್ಕಳಿಗೆ ಕುಣಿತ ಕಲಿಸಿ ಮೇಳ ಕಟ್ಟಿದರು. ನೋಡಿ ಕಲಿಯುವ ಕಲೆಯನ್ನು ನೋಡಲಾಗದವರಿಗೆ ಕಲಿಸುವುದೆಂದರೇನು ಎಂದು ಯೋಚಿಸಿ. 2020ರ ಜನವರಿಯಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಬರೆದವು, ಸಭೆಗಳು ನಡೆದವು. ನಮ್ಮ ಪ್ರಶ್ನೆ ಬೇರೆ. ಇಂದು ಯಾವುದೇ ಊರಲ್ಲಿ ಆಟ ಇದೆ ಎಂದರೆ ಕರಪತ್ರದಲ್ಲಿ ಭಾಗವತರು, ಮದ್ದಳೆ, ಚೆಂಡೆ, ಪಾತ್ರಧಾರಿಗಳು, ಪ್ರಾಯೋಜಕರು, ಅವರ ಫೋಟೋ ಎಲ್ಲ ಇರುತ್ತವೆ. ಪ್ರಸಂಗದ ಹೆಸರೂ ದೊಡ್ಡಕ್ಷರದಲ್ಲಿರುತ್ತದೆ. ಪ್ರಸಂಗಕರ್ತ? ಇದ್ದರೆ ಭಾಗ್ಯ.

ಹೆಸರು ಬಿಟ್ಟುಹೋದರೆ ಏನಾಗುತ್ತದೆ ಎಂಬುದಕ್ಕೆ ಯಕ್ಷಗಾನದಲ್ಲೇ ದೊಡ್ಡ ಉದಾಹರಣೆ ಇದೆ. ರಾಮಾಯಣದ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬ ಕಾಸರಗೋಡಿನ ಕುಂಬಳೆಯವನು ಎಂದು ಮುಳಿಯ ತಿಮ್ಮಪ್ಪಯ್ಯನವರಂಥ ವಿದ್ವಾಂಸರು ಹೇಳಿದರು. ಶಿವರಾಮ ಕಾರಂತರು ಅದನ್ನು ಪ್ರಶ್ನಿಸಿದರು. ಯಾವ ಊರು, ಯಾವ ಕಾಲ, ಯಾವ ಪ್ರಸಂಗ ಯಾರದ್ದು ಎಂದು ಪುಟಗಟ್ಟಲೆ ವಾದ ನಡೆಯಿತು. ಆ ಪದ್ಯಗಳನ್ನು ಜನ ರಾತ್ರಿಯಿಡೀ ಕೂತು ಕೇಳಿದವರು, ಬಾಯಿಪಾಠ ಮಾಡಿದವರು. ಬರೆದ ಮನುಷ್ಯನ ವಿಳಾಸ ಮಾತ್ರ ಕೋರ್ಟಿನ ವ್ಯಾಜ್ಯದಂತಾಯಿತು.

ಇಲ್ಲಿ ಕೆಲವರು ಒಂದು ವಾದ ಮುಂದಿಡುತ್ತಾರೆ. ಹಾಡು ಜನರದ್ದು. ದೊಡ್ಡ ಹಾಡುಗಾರರು ಹೆಸರಿಗೆ ಆಸೆಪಟ್ಟವರಲ್ಲ. ಸಂತ ಶಿಶುನಾಳ ಶರೀಫರು ಯಾವ ಹೆಸರಿಗಾಗಿ ಹಾಡಿದರು? ಕೇಳಲು ಚೆಂದವಾಗಿದೆ. ಆದರೆ ಇದು ಸುಳ್ಳು. ಶರೀಫರು (1819–1889) ತಮ್ಮ ಪದಗಳ ಕೊನೆಯಲ್ಲಿ ಶಿಶುನಾಳಾಧೀಶನ ಅಂಕಿತ ಹಾಕಿದರು. ಸೋದೆಯ ವಾದಿರಾಜರು ಹಯವದನ ಎಂದು ಹಾಕಿದರು. ಅಹಂಕಾರ ಬಿಟ್ಟವರು ಅಂಕಿತ ಬಿಡಲಿಲ್ಲ. ತಮ್ಮ ಹೆಸರಿನ ಜಾಗದಲ್ಲಿ ದೇವರ ಹೆಸರನ್ನೋ ಊರ ಹೆಸರನ್ನೋ ಇಟ್ಟರು, ನಿಜ. ಆದರೆ ಈ ಹಾಡು ಯಾವ ಮನೆಯದು ಎಂದು ಗುರುತು ಹಾಕಿದರು. ದನಕ್ಕೆ ಗಂಟೆ ಕಟ್ಟಿ ಕಾಡಿಗೆ ಬಿಟ್ಟ ಹಾಗೆ. ಎಲ್ಲಿ ಬೇಕಾದರೂ ಮೇಯಲಿ, ಯಾರ ಕೊಟ್ಟಿಗೆಯದೆಂದು ಕೇಳಿದವರಿಗೆ ಗೊತ್ತಾಗುತ್ತದೆ.

ಉತ್ತರ ಕರ್ನಾಟಕದ ಮೊಹರಂನ ರಿವಾಯತ್ ಪದಗಳಲ್ಲಿ ಈ ಗುರುತು ಇನ್ನೂ ಸ್ಪಷ್ಟ. ಕರ್ಬಲಾದ ಕಥೆಯನ್ನು ಅಪ್ಪಟ ಕನ್ನಡದಲ್ಲಿ ಹೇಳುವ ಈ ಪದಗಳನ್ನು ಕಟ್ಟಿದವರಲ್ಲಿ, ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಶರೀಫರೂ ಇಂಥ ಪದಗಳನ್ನು ಕಟ್ಟಿದವರೇ. ಕೊನೆಯ ನುಡಿಯಲ್ಲಿ ಊರ ಹೆಸರು, ಗುರುವಿನ ಹೆಸರು, ಕವಿಯ ಹೆಸರು ಬರುವುದು ವಾಡಿಕೆ. ಓದುಬರಹ ಕಡಿಮೆಯಿದ್ದ ಕಾಲದಲ್ಲಿ ರೈತಾಪಿ ಜನ, ಕೈಕಸುಬಿನ ಜನ ತಮ್ಮ ದುಡಿಮೆಗೆ ತಾವೇ ಮಾಡಿಕೊಂಡ ಕಾಯ್ದೆ ಇದು. ಪುಸ್ತಕದ ರಕ್ಷಾಪುಟವನ್ನು ಹರಿಯಬಹುದು, ಹಾಡಿನೊಳಗೇ ಸೇರಿದ ಹೆಸರನ್ನು ಹರಿಯುವುದು ಕಷ್ಟ ಎಂದು ಅವರು ನಂಬಿದ್ದರು.

ನಾವು ಅದನ್ನೂ ಹರಿದೆವು. ಇಂದಿನ ವೇದಿಕೆಯಲ್ಲಿ ಒಂದು ಹಾಡಿಗೆ ಸಿಗುವುದು ನಾಲ್ಕೈದು ನಿಮಿಷ. ಪಲ್ಲವಿ, ಎರಡು ಚರಣ, ನಡುವೆ ಕೊಳಲು, ಮತ್ತೆ ಪಲ್ಲವಿ. ಕೊನೆಯ ನುಡಿ ಕತ್ತರಿಗೆ. ಅಂಕಿತ ಇರುವುದೇ ಆ ಕೊನೆಯ ನುಡಿಯಲ್ಲಿ. ಮೊಬೈಲಿನ ತುಣುಕುಗಳು ಬಂದ ಮೇಲಂತೂ ಅರ್ಧ ನಿಮಿಷದ ಪಲ್ಲವಿಯೇ ಹಾಡು. ಗಾಯಕರ ಹೆಸರು ಪರದೆಯ ಮೇಲೆ ಹೊಳೆಯುತ್ತದೆ, ಗೀತೆಯ ಹೆಸರಿನ ಕೆಳಗೆ ‘ಜಾನಪದ’ ಎಂದಿರುತ್ತದೆ.

ಈ ‘ಜಾನಪದ’ ಎಂಬ ಪದದ ಮೇಲೂ ನಮಗೆ ತಕರಾರಿದೆ. ಅಂಕೋಲೆಯ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ ಸಾವಿರಾರು ಹಾಡುಗಳು ನೆನಪಿದ್ದವು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಆ ಹಾಡುಗಳನ್ನು ಯಾವುದೋ ಕಾಲದಲ್ಲಿ ಯಾವುದೋ ಹೆಣ್ಣುಮಗಳು ಭತ್ತ ನಾಟಿ ಮಾಡುತ್ತಲೋ ಮಗು ತೂಗುತ್ತಲೋ ಕಟ್ಟಿದ್ದಾಳೆ. ಅವಳ ಹೆಸರು ಈಗ ಸಿಗುವುದಿಲ್ಲ, ಒಪ್ಪೋಣ. ಹುಡುಕಿ ಸಿಗದಿದ್ದರೆ ಜಾನಪದ ಎನ್ನೋಣ. ಹುಡುಕುವ ಗೋಜಿಗೇ ಹೋಗದೆ ಜಾನಪದ ಎನ್ನುವುದು ಸೋಮಾರಿತನ. ನಾವೂ ಈ ತಪ್ಪು ಮಾಡಿದವರೇ. ಜೋಗದ ಆ ಹಾಡನ್ನು ಬಹಳ ಹಿಂದೆ ಒಂದು ಬರಹದಲ್ಲಿ ಜನಪದ ಗೀತೆ ಎಂದೇ ಬರೆದಿದ್ದೆವು. ಯಾವ ಓದುಗರೂ ತಿದ್ದಲಿಲ್ಲ. ಯಾರೂ ತಿದ್ದಲಿಲ್ಲವೆಂಬುದು ನಮ್ಮ ತಪ್ಪಿಗಿಂತ ದೊಡ್ಡ ಸಂಗತಿ.

ಹೆಸರು ಉಳಿಸುವುದು ಅಸಾಧ್ಯವೇನಲ್ಲ. ವಾದಿರಾಜರ ‘ಲಕ್ಷ್ಮೀ ಶೋಭಾನೆ’ಯನ್ನು ಮದುವೆಮನೆಯಲ್ಲಿ ಹಾಡುವ ಹೆಂಗಸರನ್ನು ಕೇಳಿ ನೋಡಿ. ಬರೆದವರು ಯಾರೆಂದು ಹೇಳುತ್ತಾರೆ. ನಾಲ್ಕು ಶತಮಾನ ದಾಟಿದ ಹಾಡಿಗೆ ಸಾಧ್ಯವಾದದ್ದು 1992ರ ಹಾಡಿಗೆ ಏಕೆ ಸಾಧ್ಯವಾಗುವುದಿಲ್ಲ? ಅವರು ಹಾಡನ್ನು ಕೊನೆಯವರೆಗೆ ಹಾಡುತ್ತಾರೆ. ವ್ಯತ್ಯಾಸ ಅಷ್ಟೇ.

ಈಗ ನಿಸಾರ್ ಅಹಮದರ ವಿಷಯಕ್ಕೆ ಬರೋಣ. ಅವರ ಹೆಸರಾದರೂ ಉಳಿದಿದೆಯಲ್ಲ ಎಂದು ನೀವು ಹೇಳಬಹುದು. ಉಳಿದಿದೆ. ಹೇಗೆ ಉಳಿದಿದೆ ಎಂಬುದೇ ನಮ್ಮ ನೋವು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ‘ನಿತ್ಯೋತ್ಸವ’ ಧ್ವನಿಸುರುಳಿ ಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಅದು. ಅಲ್ಲಿಂದ 2020ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೂ, ಆಮೇಲೂ, ವೇದಿಕೆ ವೇದಿಕೆಗಳಲ್ಲಿ ಅವರನ್ನು ಪರಿಚಯಿಸಿದ ರೀತಿ ಒಂದೇ. ‘ಮುಸ್ಲಿಮರಾಗಿದ್ದರೂ ಕನ್ನಡಕ್ಕಾಗಿ ಇಂಥ ಹಾಡು ಬರೆದವರು.’ ಆ ‘ಆಗಿದ್ದರೂ’ ಎಂಬ ಪದವನ್ನು ಸ್ವಲ್ಪ ಗಮನಿಸಿ. ಹೊಗಳಿಕೆಯ ಒಳಗೆ ಅಡಗಿಸಿಟ್ಟ ಮುಳ್ಳು ಅದು. ದೇವನಹಳ್ಳಿಯಲ್ಲಿ ಹುಟ್ಟಿದವರು ಕನ್ನಡದಲ್ಲಿ ಬರೆಯದೆ ಇನ್ನಾವುದರಲ್ಲಿ ಬರೆಯಬೇಕಿತ್ತು? 2006ರಲ್ಲಿ ಶಿವಮೊಗ್ಗದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದದ್ದು ಅವರ ಕಾವ್ಯದ ಬಲದಿಂದಲೇ ಹೊರತು ಯಾರ ಔದಾರ್ಯದಿಂದಲೂ ಅಲ್ಲ.

ಶರೀಫರಿಗೂ ಇದೇ ಗತಿ. ಕೋಮುಗಲಭೆಯಾದ ಮರುವಾರ ಸೌಹಾರ್ದ ಸಭೆ. ವೇದಿಕೆಯ ಹಿಂದೆ ಶರೀಫ ಮತ್ತು ಗೋವಿಂದ ಭಟ್ಟರ ಚಿತ್ರ. ಒಂದು ತತ್ವಪದ, ಭಾಷಣ, ಚಹಾ. ಸೌಹಾರ್ದ ಬೇಡ ಎಂದು ನಾವು ಹೇಳುತ್ತೇವೆಯೇ? ಖಂಡಿತ ಇಲ್ಲ. ಆದರೆ ಒಬ್ಬ ಪದಕಾರನನ್ನು ಸನ್ನಡತೆಯ ಪ್ರಮಾಣಪತ್ರವನ್ನಾಗಿ ಬಳಸುತ್ತ ಬಂದರೆ ಅವನ ಪದ ಕಟ್ಟುವ ವಿದ್ಯೆ ಯಾರಿಗೂ ಕಾಣುವುದಿಲ್ಲ. ಸೋರುವ ಮನೆ, ಕೋಳಿ, ತಂಬೂರಿ ಮುಂತಾಗಿ ಕಣ್ಣೆದುರಿನ ವಸ್ತುಗಳನ್ನು ಹಿಡಿದು ಅಷ್ಟು ದೂರ ಹೋಗುವುದು ಹೇಗೆ ಸಾಧ್ಯವಾಯಿತು ಎಂದು ಯಾವ ಸೌಹಾರ್ದ ಸಭೆಯಲ್ಲಿ ಚರ್ಚೆಯಾಗಿದೆ? ಹಿಂದೂ ಗೆಳೆಯರು ಅವರನ್ನು ‘ಒಳ್ಳೆಯ ಮುಸ್ಲಿಮ’ನ ಮಾದರಿಯಾಗಿ ಎತ್ತಿಕೊಂಡರು. ನಮ್ಮಲ್ಲಿ ಕೆಲವರು ಅದೇ ಕಾರಣಕ್ಕೆ ಅವರನ್ನು ಕೈಬಿಟ್ಟರು. ನಡುವೆ ಹಾಡು ಕಟ್ಟಿದವನು ಅನಾಥ.

‘ನಿತ್ಯೋತ್ಸವ’ವನ್ನೇ ತೆಗೆದುಕೊಳ್ಳಿ. ಮೊದಲ ಸಾಲುಗಳನ್ನು ಬೆರಳು ಮಡಚಿ ಎಣಿಸಿ. ಸಾಲಿಗೆ ಹನ್ನೆರಡು ಮಾತ್ರೆ, ಆರಾರರ ಎರಡು ಕಟ್ಟು. ಒಂದು ಮಾತ್ರೆ ಆಚೀಚೆ ಇಲ್ಲ. ಅನಂತಸ್ವಾಮಿಯವರಿಗೆ ಅದು ಅಷ್ಟು ಸಲೀಸಾಗಿ ರಾಗಕ್ಕೆ ಒದಗಿದ್ದರ ಹಿಂದೆ ಈ ಲೆಕ್ಕವೂ ಇದೆ. ಇನ್ನೊಂದು ಸಂಗತಿ. ಜೋಗ, ತುಂಗೆ ಆದ ಕೂಡಲೇ ಹಾಡು ಸಹ್ಯಾದ್ರಿಯ ಲೋಹದ ಅದಿರಿಗೆ ಬರುತ್ತದೆ. ನಾಡನ್ನು ಹೊಗಳುವಾಗ ಕವಿಗಳು ಹೂವು ತರುತ್ತಾರೆ, ಹೊಳೆ ತರುತ್ತಾರೆ, ಕೋಗಿಲೆ ತರುತ್ತಾರೆ. ಅದಿರು ತರುವವರು ಯಾರು? ಭೂವಿಜ್ಞಾನ ಪಾಠ ಮಾಡುತ್ತಿದ್ದ ಮೇಷ್ಟ್ರು ತರುತ್ತಾರೆ. ನಿಸಾರರು ಭೂವಿಜ್ಞಾನದ ಪ್ರಾಧ್ಯಾಪಕರಾಗಿದ್ದರು, ಶಿವಮೊಗ್ಗದಲ್ಲೂ ಕಲಿಸಿದ್ದರು. ತರಗತಿಯಲ್ಲಿ ಕೈಯಲ್ಲಿ ಹಿಡಿದು ತೋರಿಸಿದ ಕಲ್ಲು ಹಾಡಿನೊಳಗೆ ಬಂದು ಕೂತಿದೆ. ಹಗಲಿನ ಕಸುಬು ಹಾಡಿಗೆ ಅಡ್ಡಿಯಾಗಲಿಲ್ಲ, ಕಚ್ಚಾವಸ್ತುವಾಯಿತು. ಕಾಯ್ಕಿಣಿಯವರೂ ವರ್ಷಗಟ್ಟಲೆ ಮುಂಬೈಯಲ್ಲಿ ಔಷಧ ಕಂಪೆನಿಯ ಕೆಲಸದಲ್ಲಿದ್ದವರು. ಸಿನೆಮಾದಲ್ಲಿ ಈಗ ಬಹುತೇಕ ಮಟ್ಟು ಮೊದಲು, ಮಾತು ಆಮೇಲೆ. ಯಾರೋ ‘ತನನ ತಾನ’ ಎಂದು ಕೊಟ್ಟ ಅಳತೆಯೊಳಗೆ ಅರ್ಥವನ್ನೂ ಭಾವವನ್ನೂ ಕೂರಿಸಬೇಕು. ನಮ್ಮ ಸಾಹೇಬರ ಭಾಷೆಯಲ್ಲಿ ಹೇಳುವುದಾದರೆ, ಮೈ ಮೊದಲೇ ಇದೆ, ಅಂಗಿ ಹೊಲಿಯಬೇಕು.

‘ಅಹಮದರು ಮುಸ್ಲಿಮರಾಗಿದ್ದರೂ’ ಎನ್ನುವ ಬದಲು ‘ಹನ್ನೆರಡು ಮಾತ್ರೆಯ ಸಾಲಿನಲ್ಲಿ ಅದಿರನ್ನು ತಂದವರು’ ಎಂದು ಒಬ್ಬ ನಿರೂಪಕ ಹೇಳಿದ ದಿನ ನಾವು ಎದ್ದು ನಿಂತು ಚಪ್ಪಾಳೆ ತಟ್ಟುತ್ತೇವೆ.

ಸಾಹಿರ್ ಲುಧಿಯಾನ್ವಿ ಈ ಜಗಳವನ್ನು ಬಹಳ ಹಿಂದೆಯೇ ಆಡಿದವರು. ಆಕಾಶವಾಣಿಯಲ್ಲಿ ಚಿತ್ರಗೀತೆ ಪ್ರಸಾರವಾಗುವಾಗ ಗಾಯಕರ, ಸಂಗೀತ ನಿರ್ದೇಶಕರ ಹೆಸರಿನ ಜೊತೆ ಗೀತರಚನಕಾರರ ಹೆಸರನ್ನೂ ಹೇಳಬೇಕೆಂದು ಹಟ ಹಿಡಿದವರು ಅವರು ಎಂದು ಚಿತ್ರರಂಗದವರು ಇಂದಿಗೂ ನೆನೆಯುತ್ತಾರೆ. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಕವಿಗಳ ಪರವಾಗಿ ಮಾತನಾಡಿದರು. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಯಿತು. ಚಿತ್ರಗೀತೆ ಬರೆದವನು ತನ್ನ ರಾಯಧನದ ಪಾಲನ್ನು ನಿರ್ಮಾಪಕನಿಗೆ ಬರೆದುಕೊಟ್ಟರೂ ಅದು ಊರ್ಜಿತವಾಗದು ಎಂಬಂಥ ರಕ್ಷಣೆ ಸಿಕ್ಕಿತು. ಹಕ್ಕನ್ನು ಮಾರಿದ ಮೇಲೂ ‘ಇದು ನನ್ನ ಕೃತಿ’ ಎಂದು ಹೇಳುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆ ಎಂಬುದು 1957ರ ಕಾಯ್ದೆಯಲ್ಲೇ ಇದೆ. ಕರ್ತೃ ಸತ್ತ ಮೇಲೂ 60 ವರ್ಷ ಹಕ್ಕು ವಾರಸುದಾರರದ್ದು. ಕಾಯ್ದೆ ಇದೆ, ಸಿದ್ದಾಪುರದ ಹೊಲಿಗೆ ಅಂಗಡಿಯವರೆಗೆ ಅದು ಬಂದಿಲ್ಲ. ಮುಂಬೈಯಿಂದ ಬರಬೇಕಲ್ಲ, ತಡವಾಗುತ್ತದೆ.

ನಮ್ಮವರಿಗೂ ಒಂದು ಮಾತು. ಹಾಡು ಸಂಗೀತ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬ ಚರ್ಚೆ ನಮ್ಮಲ್ಲಿ ಹಳೆಯದು, ವಿದ್ವಾಂಸರಿಗೆ ಬಿಡೋಣ. ಹಾಡನ್ನು ಒಪ್ಪದವರು ಒಪ್ಪದಿರಲಿ, ಅದು ಅವರ ನಿಲುವು. ನಮ್ಮ ದೂರು ಒಪ್ಪುವವರ ಮೇಲೆ. ಮದುವೆಗೆಂದು ಹಾಡು ಬರೆಸಿಕೊಂಡು, ಮಂಟಪದವರಿಗೆ, ಬಿರಿಯಾನಿಯವರಿಗೆ, ವೀಡಿಯೋದವರಿಗೆ ಮುಂಗಡ ಕೊಟ್ಟು, ಬರೆದವರಿಗೆ “ದುಆ ಮಾಡ್ತೇವೆ” ಎಂದು ಕೈಕುಲುಕಿ ಕಳಿಸುವವರ ಮೇಲೆ. ದುಡಿದವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ನಾವೇ ವೇದಿಕೆ ಹತ್ತಿ ಹೇಳುತ್ತೇವೆ. ಹಾಡು ಕಟ್ಟುವಾಗ ಬೆವರು ಬರುವುದಿಲ್ಲ ಎಂದು ಯಾರು ಹೇಳಿದ್ದು?

ಸಾಹೇಬರ ಒಂದು ಹಾಡು ಶಾಲಾ ಮಕ್ಕಳ ಸ್ಪರ್ಧೆಯೊಂದರಲ್ಲಿ ಮೊದಲ ಬಹುಮಾನ ಪಡೆಯಿತು. ಯಾವ ಸ್ಪರ್ಧೆ, ಯಾವ ಶಾಲೆ ಎಂಬುದು ಇಲ್ಲಿ ಮುಖ್ಯವಲ್ಲ. ಆ ತಂಡದ ಹೆಣ್ಣುಮಕ್ಕಳ ಲಂಗ ಕುಪ್ಪಸ ಹೊಲಿದವರೂ ಸಾಹೇಬರೇ. ಬಟ್ಟೆ ತಲುಪಿಸಲು ಹೋದವರು ಹಿಂದಿನ ಸಾಲಿನಲ್ಲಿ ನಿಂತು ನೋಡಿದರು. ಪ್ರಕಟಣೆಯಲ್ಲಿ ‘ಜನಪದ ಗೀತೆ’ ಎಂದಿತು. ಹಾಡಿದವರಿಗೆ, ಕಲಿಸಿದವರಿಗೆ, ಹಾರ್ಮೋನಿಯಂನವರಿಗೆ ಪ್ರಮಾಣಪತ್ರ. ಹೊಲಿಗೆಯ ಕೂಲಿ ಎರಡು ತಿಂಗಳ ಮೇಲೆ ಬಂತು. ಹಾಡಿನ ಬಗ್ಗೆ ಕೇಳಲಿಲ್ಲವೇ ಎಂದೆವು. ಅವರು ಮೇಜಿನ ಮೇಲಿದ್ದ ಅಂಗಿಯೊಂದರ ಕಾಲರ್ ತಿರುಗಿಸಿ ತೋರಿಸಿದರು. ಅಂಗಡಿಯ ಹೆಸರಿನ ಸಣ್ಣ ಲೇಬಲ್ ಇತ್ತು. “ಅಂಗಿಗೆ ಹಚ್ಚಲಿಕ್ಕೆ ಜಾಗ ಇದೆ ನೋಡಿ. ಹಾಡಿಗೆ ಎಲ್ಲಿ ಹಚ್ಚೋದು?”

ಶರೀಫರು ಹಚ್ಚಿದ ಜಾಗದಲ್ಲೇ ಹಚ್ಚಿ ಎಂದೆವು. ಕೊನೆಯ ನುಡಿಯಲ್ಲಿ ನಿಮ್ಮ ಹೆಸರು ಬೇಡವಾದರೆ ಊರ ಹೆಸರಾದರೂ ಬರಲಿ, ಮಕ್ಕಳು ಹಾಡುವಾಗ ಬಿಡದಂತೆ ಪಲ್ಲವಿಗೇ ಗಂಟು ಹಾಕಿ ಎಂದೆವು. ಯೋಚಿಸುತ್ತೇನೆ ಎಂದಿದ್ದರು. ಈಚೆಗೆ ಮತ್ತೆ ಹೋದಾಗ ಅಳತೆ ಪುಸ್ತಕದ ಹಿಂಬದಿಯಲ್ಲಿ ಮೂರು ಬಾರಿ ಬರೆದು ಮೂರು ಬಾರಿ ಹೊಡೆದುಹಾಕಿದ ನುಡಿ ಇತ್ತು. ಏನಾಯಿತು ಎಂದು ಕೇಳಿದೆವು. ಸಾಹೇಬರು ಯಂತ್ರದ ಹಲಗೆಯ ಮೇಲೆ ಬೆರಳಿನಿಂದ ತಾಳ ಹಾಕಿ ತೋರಿಸಿದರು. “ಸಿದ್ದಾಪುರ ಅಂದ್ರೆ ಆರು ಮಾತ್ರೆ. ಈ ಮಟ್ಟು ಐದರದ್ದು. ಒಂದು ಹೆಚ್ಚಾಗ್ತದೆ. ಮಟ್ಟೇ ಬದಲಾಯಿಸ್ಬೇಕು, ಇನ್ನೊಂದು ವಾರ ಬೇಕು.”